ನಾರುಬಣ್ಣ

ಸರ್ಕಾರದ ಕಾಗದಪತ್ರದಲ್ಲಿ ಅದರ ಹೆಸರು 'ಸೂಚಕ ಲೇಪ'. ಜನ ನಾರುಬಣ್ಣ ಎಂದರು, ಆ ಹೆಸರೇ ನಿಂತಿತು. ಆಸ್ಪತ್ರೆಯ ಗೋಡೆಗೆ ಬಳಿದಾಗ ಸಾದಾ ಸುಣ್ಣದ ಹಾಗೆ ಬೆಳ್ಳಗೆ ಕಾಣುತ್ತಿತ್ತು. ಆದರೆ ಔಷಧಕ್ಕೆ ಬಗ್ಗದ ರೋಗಾಣು ಯಾವ ಗೋಡೆಯ ಮೇಲೆ ಠಿಕಾಣಿ ಹೂಡಿತ್ತೋ ಆ ಗೋಡೆ ನಾರುತ್ತಿತ್ತು. ಎಂಥ ನಾತ ಅಂತೀರಿ! ಕೊಳೆತ ಉಳ್ಳಾಗಡ್ಡಿ, ಒಡೆದ ತತ್ತಿ, ಬೇಸಿಗೆಯಲ್ಲಿ ಮೂರು ದಿನ ಬಿದ್ದ ಇಲಿ, ಮೂರನ್ನೂ ಒಂದೇ ಚೀಲಕ್ಕೆ ತುಂಬಿ ನಿಮ್ಮ ಮೂಗಿನ ಕೆಳಗೆ ಬಾಯಿ ಬಿಚ್ಚಿದ ಹಾಗೆ.

ಅದು ಕೆಲಸ ಮಾಡುವ ರೀತಿಯಲ್ಲಿ ಮಾಯಾಮಂತ್ರ ಏನಿರಲಿಲ್ಲ. ಸೆಫ್ಟ್ರಿಯಾಕ್ಸೋನ್‌ನಂಥ ಇಂಜೆಕ್ಷನ್ನಿನ ಜೀವವೆಲ್ಲ ಅದರ ಅಣುವಿನ ನಡುವೆ ಇರುವ ಒಂದು ಪುಟ್ಟ ಉಂಗುರದಲ್ಲಿ. ಹಟಮಾರಿ ರೋಗಾಣುಗಳು ಆ ಉಂಗುರವನ್ನು ಕತ್ತರಿಸುವ ಒಂದು ಕಿಣ್ವವನ್ನು ತಯಾರಿಸಿಕೊಳ್ಳುತ್ತವೆ. ಉಂಗುರ ಹರಿಯಿತೋ ಔಷಧ ಬರೀ ನೀರು. ವಿಜ್ಞಾನಿಗಳು ಅಂಥದೇ ಉಂಗುರವಿರುವ ಒಂದು ಸುಳ್ಳು ಔಷಧ ಮಾಡಿ, ಅದಕ್ಕೆ ಗಂಧಕದ ಒಂದು ತುಣುಕು ಜೋಡಿಸಿ ಬಣ್ಣದಲ್ಲಿ ಕಲಸಿದರು. ರೋಗಾಣು ಉಂಗುರ ಕತ್ತರಿಸಿದ ಕೂಡಲೇ ಆ ತುಣುಕು ಕಳಚಿ ಗಾಳಿಗೆ ಬಂದು ನಾರುತ್ತದೆ. ಕಣ್ಣಿಗೆ ಕಾಣದ್ದು ಮೂಗಿಗೆ ಸಿಗುತ್ತದೆ. ಪ್ರತಿ ವಾರ್ಡಿನ ಮೂಲೆಯಲ್ಲಿ ಒಂದು ಮೂಗುಪೆಟ್ಟಿಗೆ ಇಟ್ಟು, ಅದು ಹಿಡಿದ ನಾತದ ಲೆಕ್ಕ ಗಳಿಗೆಗೊಮ್ಮೆ ಧಾರವಾಡದ ನಿಗಾ ಕೇಂದ್ರಕ್ಕೆ ಮುಟ್ಟುವ ಹಾಗೆ ಮಾಡಿದರು.

ಬಣ್ಣ ಬಳಿದ ಮೊದಲ ವಾರವೇ ರಾಜ್ಯದ ಅರ್ಧ ಆಸ್ಪತ್ರೆಗಳು ನಾರಿದವು. ನಾಚಿಕೆಗೇಡು! ನೆಗಡಿ ಬಂದರೂ ಅದೇ ಇಂಜೆಕ್ಷನ್, ಡೆಂಗ್ಯೂ ಬಂದರೂ ಅದೇ ಇಂಜೆಕ್ಷನ್ ಎಂದು ಮೂವತ್ತು ವರ್ಷ ಸುರಿದದ್ದೆಲ್ಲ ಗೋಡೆಯಿಂದ ತಿರುಗಿ ಬಂದಿತ್ತು. ಜನ ಆಸ್ಪತ್ರೆಗೆ ಬರುವ ರೀತಿಯೇ ಬದಲಾಯಿತು. ಹೆಣ್ಣುಮಕ್ಕಳು ವಾರ್ಡಿನ ಬಾಗಿಲಲ್ಲಿ ನಿಂತು, ಕರಬೂಜ ಹಣ್ಣಿನ ಬುಡ ಮೂಸುವಂತೆ ಗೋಡೆ ಮೂಸಿ, ತಲೆ ಅಲ್ಲಾಡಿಸಿ ಪೇಶೆಂಟನ್ನು ಎತ್ತಿಕೊಂಡು ಮುಂದಿನ ಆಸ್ಪತ್ರೆಗೆ ನಡೆಯುತ್ತಿದ್ದರು.

ಮಲಪ್ರಭೆಯ ಈಚೆ ದಂಡೆಯ ತಾಲೂಕು ಊರಿನಲ್ಲಿ ಮುತ್ತವ್ವ ಸ್ಮಾರಕ ಆಸ್ಪತ್ರೆ ಅಂತ ಒಂದಿತ್ತು. ಅದರ ಆಪರೇಷನ್ ವಾರ್ಡಿನ ಹಿರಿಯ ಸಿಸ್ಟರ್ ದಾನೇಶ್ವರಿ. ಐವತ್ತರ ಮೇಲೆ ಎರಡು ವರ್ಷ, ಗಟ್ಟಿ ಮೈ, ಅದಕ್ಕಿಂತ ಗಟ್ಟಿ ಬಾಯಿ. ಹೊಲಸು ಕಂಡರೆ ಆಕೆಗೆ ಆಗುತ್ತಿರಲಿಲ್ಲ. ಕಟ್ಟೆಯ ಮೇಲೆ ಯಾರಾದರೂ ಉಗುಳಿದರೆ ಅವರ ಕೈಯಲ್ಲೇ ನೀರು ಕೊಟ್ಟು ತೊಳೆಸುತ್ತಿದ್ದಳು. ಅಂಥವಳ ವಾರ್ಡು, ಬಣ್ಣ ಬಳಿದ ಮೂರನೇ ದಿನಕ್ಕೆ ಗಬ್ಬೆದ್ದು ನಾರಿತು. ಊದುಬತ್ತಿ ಹಚ್ಚಿದರು, ಫಿನೈಲು ಸುರಿದರು, ಗುಲಾಬಿ ನೀರು ಚಿಮುಕಿಸಿದರು. ನಾತಕ್ಕೆ ಊದುಬತ್ತಿ ಸೇರಿ ಹೆಣದ ಮನೆಯ ವಾಸನೆಯಾಯಿತೇ ಹೊರತು ಕಡಿಮೆಯಾಗಲಿಲ್ಲ. ದಾನೇಶ್ವರಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

"ಸಿಸ್ಟರ್, ಏನರ ಮಾಡ್ರಿ," ಎಂದು ಆಸ್ಪತ್ರೆಯ ಮಾಲೀಕರೂ ಸರ್ಜನ್ನರೂ ಆದ ಡಾಕ್ಟರ್ ನರೇಗಲ್ ಕರವಸ್ತ್ರದೊಳಗಿಂದಲೇ ಹೇಳಿದರು. "ಹಿಂಗಾದ್ರ ಬಾಗಲಾ ಹಾಕಬೇಕಾಕ್ಕೈತಿ."

ಏನಾದರೂ ಮಾಡುವ ದಾರಿ ಆಕೆಯ ಕಪಾಟಿನಲ್ಲೇ ಇತ್ತು. ಆ ಆಸ್ಪತ್ರೆಯಲ್ಲಿ ಒಂದು ಪದ್ಧತಿ. ಏನೇ ಆಪರೇಷನ್ ಆಗಲಿ, ಆಮೇಲೆ ಏಳು ದಿನ ದಿನಕ್ಕೆರಡು ಸಲ ಸೆಫ್ಟ್ರಿಯಾಕ್ಸೋನ್. ಕೊಯ್ಯುವ ಮುಂಚೆ ಒಂದೇ ಒಂದು ಡೋಸು ಕೊಟ್ಟರೆ ಹೆಚ್ಚಿನ ಆಪರೇಷನ್ನುಗಳಿಗೆ ಅಷ್ಟೇ ಸಾಕು ಎಂದು ಧಾರವಾಡದಿಂದ ಬಂದ ಸುತ್ತೋಲೆ ಫೈಲಿನಲ್ಲಿ ಬೆಚ್ಚಗೆ ಮಲಗಿತ್ತು. ಯಾರು ಕೇಳಬೇಕು? ಕೈಗೆ ಸೂಜಿ ಚುಚ್ಚಿರದಿದ್ದರೆ ಬೀಗರು ನೋಡಲು ಬಂದಾಗ 'ಇದೆಂಥ ಆಸ್ಪತ್ರಿ' ಅನ್ನುತ್ತಿದ್ದರು. ಮನೆಯವರು ಏಳು ದಿನದ ಬಾಟಲಿಗಳನ್ನು ಒಮ್ಮೆಲೇ ತಂದುಕೊಡುವುದು, ಐದನೇ ದಿನ ಡಿಸ್ಚಾರ್ಜ್ ಆದರೆ ಉಳಿದದ್ದನ್ನು 'ಯಾರಿಗಾರ ಬಡವರಿಗೆ ಆಗ್ಲಿ ಸಿಸ್ಟರ್' ಎಂದು ದಾನೇಶ್ವರಿಯ ಕೈಗೆ ಹಾಕಿ ಪುಣ್ಯ ಕಟ್ಟಿಕೊಂಡು ಹೋಗುವುದು. ಹೀಗೆ ಕೂಡಿದ ಬಾಟಲಿಗಳು ಕಪಾಟಿನ ಎರಡು ಖಾನೆ ತುಂಬಿದ್ದವು.

ಒಂದು ದಿನ ಆಯಾ ಹುಲಿಗೆವ್ವನ ಕೈ ಜಾರಿ, ಕಲಸಿಟ್ಟ ಔಷಧದ ಟ್ರೇ ಗೋಡೆಗೆ ಚೆಲ್ಲಿತು. ಕಾಲು ಗಂಟೆಯೊಳಗೆ ಆ ಜಾಗದ ನಾತ ನಿಂತುಹೋಯಿತು. ದಾನೇಶ್ವರಿ ಗೋಡೆಗೆ ಮೂಗು ಹಚ್ಚಿ ನೋಡಿದಳು. ಇಲ್ಲ, ಏನೂ ಇಲ್ಲ. ಆಕೆಗೆ ಹೊಳೆದದ್ದು ಯಾರಿಗಾದರೂ ಹೊಳೆಯುವಂಥದ್ದೇ: ಹುಳ ಸತ್ತವು. ಮೈಯೊಳಗೆ ಕೊಲ್ಲುವ ಔಷಧ ಗೋಡೆಯ ಮೇಲೆ ಕೊಲ್ಲದೆ ಬಿಟ್ಟೀತೇ?

ಅಂದಿನಿಂದ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಕಪಾಟಿನ ಬಾಟಲಿಗಳನ್ನು ಬಕೆಟ್ಟಿಗೆ ಕಲಸಿ ವಾರ್ಡಿನ ನಾಲ್ಕೂ ಗೋಡೆ ಒರೆಸಿದರು. ಮೂಗುಪೆಟ್ಟಿಗೆಯ ಮುಳ್ಳು ಸೊನ್ನೆಗೆ ಬಂದು ಕೂತಿತು. ಎರಡು ತಿಂಗಳಲ್ಲಿ 'ಶುದ್ಧ ವಾರ್ಡು' ಎಂಬ ಹಿತ್ತಾಳೆಯ ಫಲಕ ಬಂತು. ಫಲಕ ಕಂಡು ಮೂರು ತಾಲೂಕಿನ ಜನ ಬಂದರು. ಡಾಕ್ಟರ್ ನರೇಗಲ್ ಆಕೆಗೆ ಶಾಲು ಹೊದಿಸಿದರು.

ಇಷ್ಟಕ್ಕೂ ದಾನೇಶ್ವರಿ ಕೆಟ್ಟ ನರ್ಸಲ್ಲ. ಇಂಜೆಕ್ಷನ್ ಕೊಡುವ ಮುಂಚೆ 'ಹಿಂದ ಯಾವ ಔಷಧರ ಒಗ್ಗಿಲ್ಲೇನು, ಮೈಮ್ಯಾಲ ದದ್ದ ಎದ್ದಿದ್ವೇನು, ಉಸರ ಹಿಡದಿತ್ತೇನು' ಎಂದು ಕೇಳದೆ ಸಿರಿಂಜು ಮುಟ್ಟುತ್ತಿರಲಿಲ್ಲ. ಕ್ಯಾಲ್ಸಿಯಂ ಇರುವ ಸಲೈನಿನ ಜೊತೆ ಈ ಔಷಧ ಕೂಡಿದರೆ ಗಸಿಗಟ್ಟುತ್ತದೆ ಎಂದು ಹೊಸ ಹುಡುಗಿಯರಿಗೆ ಕಿವಿ ಹಿಂಡಿ ಕಲಿಸಿದ್ದಳು. ಹಸುಗೂಸುಗಳ ಹಾಸಿಗೆಯ ಹತ್ತಿರ ಆ ಬಾಟಲಿಯನ್ನು ಡಾಕ್ಟರನ್ನು ಎರಡು ಸಲ ಕೇಳದೆ ಸುಳಿಯಗೊಡುತ್ತಿರಲಿಲ್ಲ. ಗಡಿಯಾರ ನೋಡಿಕೊಂಡು ನಿಧಾನ ಏರಿಸುತ್ತಿದ್ದಳು. ಹೇಗೆ ಕೊಡಬೇಕು ಅನ್ನುವುದೆಲ್ಲ ಆಕೆಗೆ ಗೊತ್ತಿತ್ತು. ಯಾವಾಗ ಕೊಡಬಾರದು ಎಂದು ಮಾತ್ರ ಆಕೆಗೆ ಯಾರೂ ಕಲಿಸಿರಲಿಲ್ಲ, ಆಕೆ ಕೇಳಿಯೂ ಇರಲಿಲ್ಲ.

ಗಂಡ ಚಿದಾನಂದಪ್ಪ ಬಸ್ ಕಂಡಕ್ಟರಾಗಿ ನಿವೃತ್ತಿಯಾದವನು. ಸಕ್ಕರೆ ಕಾಯಿಲೆ ಇತ್ತು, ಈಗ ಪಿತ್ತಕೋಶದಲ್ಲಿ ಹರಳು ಬೇರೆ. ಎಣ್ಣೆ ಪದಾರ್ಥ ಮುಟ್ಟಬೇಡಿ ಎಂದರೆ ಸಂಜೆ ವಾಕಿಂಗಿಗೆ ಹೋಗಿ ಮಿರ್ಚಿ ಭಜಿ ತಿಂದು ಬಂದು ಹೊಟ್ಟೆ ಹಿಡಿದುಕೊಂಡು ಕೂರುತ್ತಿದ್ದ. ಆಪರೇಷನ್ ಎಲ್ಲಿ ಮಾಡಿಸುವುದು ಎಂದು ಮನೆಯಲ್ಲಿ ಮಾತು ಬಂತು.

"ಹುಬ್ಬಳ್ಳಿಗೆ ಹೋಗೂಣು ಅವ್ವಾ," ಎಂದಳು ಮಗಳು ತೇಜಸ್ವಿನಿ, ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. "ಅಪ್ಪಗ ಸಕ್ಕರಿ ಐತಿ. ದೊಡ್ಡ ದವಾಖಾನಿ ಇರ್ಲಿ."

"ದೊಡ್ಡದಂದ್ರ? ಅಲ್ಲಿ ಗ್ವಾಡಿ ನಾರತಾವು," ಎಂದಳು ದಾನೇಶ್ವರಿ. "ನನ್ನ ವಾರ್ಡಕಿಂತ ಸ್ವಚ್ಛ ಎಲ್ಲೈತಿ ತೋರಸು, ಅಲ್ಲೇ ಹೋಗೂಣಂತ."

"ಆತು ಬಿಡ್ರವಾ," ಎಂದ ಚಿದಾನಂದಪ್ಪ. "ಮೂವತ್ತ ವರ್ಷ ಊರ ಮಂದಿಗೆಲ್ಲಾ ಸೇವಾ ಮಾಡ್ಯಾಳ. ನನಗೂ ಒಂದ ವಾರ ಮಾಡ್ಲಿ. ಮನ್ಯಾಗಂತೂ ಒಂದ ಕಪ್ಪ ಚಾ ಎರಡ ಸಲ ಕೇಳಬೇಕು."

"ಬೈಸ್ಕೊಳ್ಳದ ಕುಡದ್ರ ಆ ಚಾ ನಿಮಗ ರುಚಿ ಹತ್ತಂಗಿಲ್ಲ," ಎಂದಳಾಕೆ. ಮೂವರೂ ನಕ್ಕರು. ಮಾತು ಅಲ್ಲಿಗೆ ಮುಗಿಯಿತು.

ಪಿತ್ತಕೋಶ ಊದಿಕೊಂಡಿತ್ತಾದ್ದರಿಂದ ಹೊಟ್ಟೆಯನ್ನೇ ತೆರೆಯಬೇಕಾಯಿತು. ಆಪರೇಷನ್ ಸುಸೂತ್ರ ಆಯಿತು. ದಾನೇಶ್ವರಿ ಗಂಡನನ್ನು ಆರನೇ ನಂಬರಿನ ಹಾಸಿಗೆಗೆ ಹಾಕಿಸಿದಳು. ಆ ಮೂಲೆಯ ಗೋಡೆಯನ್ನು ತಾನೇ ನಿಂತು ಮೂರು ಸಲ ಒರೆಸಿದಳು. ಉಳಿದವರಿಗೆ ಎರಡು ಸಲ, ಗಂಡನಿಗೆ ಒಂದು ಹೆಚ್ಚು.

ಮೂರನೇ ದಿನ ಸಂಜೆ ಜ್ವರ ಬಂತು. ನಾಲ್ಕನೇ ದಿನ ಬೆಳಿಗ್ಗೆ ಡ್ರೆಸ್ಸಿಂಗ್ ಬಿಚ್ಚಿದಳು. ಹತ್ತಿಯ ಜೊತೆ ಹಸಿರು ಹಳದಿ ಕೀವು ಎಳೆಯಾಗಿ ಎದ್ದು ಬಂತು. ಹೊಲಿಗೆಯ ಅಂಚು ಬೆಂದ ಬದನೆಕಾಯಿಯ ಹಾಗೆ ಮೆತ್ತಗಾಗಿ ಬಾಯಿ ಬಿಟ್ಟಿತ್ತು. ಒತ್ತಿದರೆ ಒಳಗಿನಿಂದ ಗುಳುಗುಳು ಎಂದು ಬಂತು. ಸಾವಿರ ಗಾಯ ತೊಳೆದ ಕೈ ಆಕೆಯದು. ಆದರೂ ಅವತ್ತು ಬಾಯಲ್ಲಿ ಹುಳಿ ನೀರು ಕೂಡಿತು. ಗಾಯದ ಪರೀಕ್ಷೆಗೆಂದು ನಿಗಾ ಕೇಂದ್ರ ಕೊಟ್ಟಿದ್ದ, ನಾರುಬಣ್ಣ ಸವರಿದ ಚೀಟಿಯೊಂದನ್ನು ಕೀವಿಗೆ ತಾಗಿಸಿದಳು. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಚೀಟಿ ನಾರಿತು. ಪಕ್ಕದ ಹಾಸಿಗೆಯವರು ಮೂಗು ಮುಚ್ಚಿ ಮುಖ ತಿರುಗಿಸಿದರು. ಗೋಡೆ ಮಾತ್ರ ಹೂವಿನಂತೆ ನಿಂತಿತ್ತು.

"ಚೀಟಿ ಹಳೇದಿರಬೇಕು," ಎಂದರು ನರೇಗಲ್. "ಡೋಸ್ ಡಬಲ್ ಮಾಡ್ರಿ."

"ಸರ್, ನಾಕ ದಿನದಿಂದ ಅದ ಔಷಧ ಹೊಂಟೈತಿ. ಹತ್ತಂಗಿಲ್ಲ ಅಂತ ಈ ಚೀಟಿನ ಹೇಳಾಕತ್ತೈತಿ. ಮೀಸಲ ಔಷಧಕ್ಕ ಬರೀರಿ."

ಮೀಸಲು ಔಷಧ ಅಂದರೆ ಉಳಿದೆಲ್ಲ ಸೋತಾಗ ಬಳಸುವ ಕಡೆಯ ಔಷಧ. ಅದನ್ನೂ ಕಡಲೆಪುರಿಯಂತೆ ಹಂಚಿ ಕೆಡಿಸಬಾರದು ಎಂದು ಸರ್ಕಾರ ಬೀಗ ಹಾಕಿ ಧಾರವಾಡದಲ್ಲಿ ಇಟ್ಟಿತ್ತು. ನರೇಗಲ್ ಅರಮನಸ್ಸಿನಿಂದ ಕಂಪ್ಯೂಟರಿನ ಪರದೆಯ ಮೇಲೆ ಬೇಡಿಕೆ ಬರೆದರು. ಉತ್ತರ ಕೂಡಲೇ ಬಂತು: 'ಈ ವಾರ್ಡಿನ ಎಂಟು ತಿಂಗಳ ದಾಖಲೆ ಶುದ್ಧ. ಹಟಮಾರಿ ರೋಗಾಣು ಇಲ್ಲ. ಮೀಸಲು ಔಷಧದ ಅಗತ್ಯವಿಲ್ಲ.'

ದಾನೇಶ್ವರಿ ಚೀಟಿಯನ್ನು ಮೂರು ಪದರು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಚೀಲಕ್ಕೆ ಹಾಕಿಕೊಂಡು ಮುಂದಿನ ಬಸ್ಸಿಗೇ ಧಾರವಾಡಕ್ಕೆ ಹೊರಟಳು. ಮೂರು ಪದರು ದಾಟಿಯೂ ಅದು ನಾರಿತು. ಪಕ್ಕದಲ್ಲಿ ಕೂತವನು ನವಲಗುಂದದ ಹೊತ್ತಿಗೆ ಎದ್ದು ಹೋಗಿ ನಿಂತುಕೊಂಡ.

ನಿಗಾ ಕೇಂದ್ರದ ಕೋಣೆಯಲ್ಲಿ ಗೋಡೆಯಗಲದ ನಕಾಶೆ. ಒಂದೊಂದು ವಾರ್ಡೂ ಒಂದೊಂದು ಚುಕ್ಕೆ, ನಾರುವವು ಕಂದು, ನಾರದವು ಬಿಳಿ. ಉಸ್ತುವಾರಿ ವಿಜ್ಞಾನಿ ನಾಜ್ನೀನ್ ಮಕಾನದಾರ ಆಕೆಗೆ ಕುರ್ಚಿ ಕೊಟ್ಟು ಚಹಾ ತರಿಸಿದಳು. ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿದ್ದಾಳು. ಚೀಟಿ ಬಿಚ್ಚಿ ನೋಡಿ ಮುಖ ಕಿವುಚಿದಳು.

"ಇದು ಖರೇ ಐತ್ರಿ, ಸಿಸ್ಟರ್. ಜೋರ ಐತಿ. ಆದ್ರ ನಿಮ್ಮ ಗ್ವಾಡಿ ಎಂಟ ತಿಂಗಳಿಂದ ಸೊನ್ನಿ. ನಮಗೂ ಆಶ್ಚರ್ಯನ ಆಗಿತ್ತು. ಏನ ಮಾಡತೀರಿ ನೀವು?"

ದಾನೇಶ್ವರಿ ಹೇಳಿದಳು. ಹೇಳುವಾಗ ಒಂದಿಷ್ಟು ಹೆಮ್ಮೆಯೂ ಇತ್ತು. ಉಳಿದ ಬಾಟಲಿ, ಬಕೆಟ್ಟು, ಬಟ್ಟೆ. ಕೇಳುತ್ತ ನಾಜ್ನೀನ್ ಚಹಾದ ಕಪ್ಪನ್ನು ಕೆಳಗಿಟ್ಟಳು.

"ದಿನಾ ಒರಸ್ತಿದ್ರಿ?"

"ದಿನಕ್ಕ ಎರಡ ಸಲ. ಪೇಶೆಂಟಗೆ ಕೊಟ್ಟಂಗ."

ನಾಜ್ನೀನ್ ಬೈಯಬೇಕೋ ಬಿಡಬೇಕೋ ಎಂದು ತೂಗುತ್ತಿದ್ದಂತಿತ್ತು. ಆಮೇಲೆ ಮೇಜಿನ ಮೇಲಿದ್ದ ಕತ್ತರಿಯನ್ನು ಕೈಗೆ ತೆಗೆದುಕೊಂಡಳು.

"ಹುಳದ ಕಡೆ ಒಂದ ಕತ್ತರಿ ಐತಿ ಅನ್ನಕೊಳ್ರಿ. ಅದು ನಮ್ಮ ಬಣ್ಣಾ ಕತ್ತರಿಸಿದ್ರ ನಾತ. ನೀವು ಅದರ ಮುಂದ ಖರೇ ಔಷಧದ ರಾಶಿನ ಸುರದ್ರಿ. ಅದು ಔಷಧ ಕತ್ತರಿಸ್ಕೋತ ಕುಂತತು. ಬಣ್ಣಾ ಕತ್ತರಿಸಾಕ ಪುರಸೊತ್ತ ಸಿಗಲಿಲ್ಲ. ಅದಕ್ಕ ನಾತ ನಿಂತತ್ರಿ. ಹುಳ ಒಂದೂ ಸತ್ತಿಲ್ಲ."

"ಒಂದೂ?"

"ಸಾಯಂಥಾ ಬಡವು ಸತ್ತಾವು. ಸಾಯದಂಥಾವು ಉಳದಾವು. ಎಂಟ ತಿಂಗಳ ನೀವು ಬರೇ ಸಾಯದಂಥಾವನ್ನ ಸಾಕೀರಿ. ಅದ ಗ್ವಾಡಿ ಮುಟ್ಟಿದ ಕೈ, ಅದ ಹಾಸಗಿ, ಅದ ಗಾಯ."

ದಾನೇಶ್ವರಿಗೆ ತನ್ನ ಮೈಮೇಲೆ ಏನೋ ಹರಿದಾಡಿದಂತಾಯಿತು. ಚಹಾದ ಕೆನೆ ನೋಡಿದರೆ ಕೀವು ಕಂಡಿತು. ಎದ್ದು ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡು, ಮುಖ ತೊಳೆದು ಬಂದಳು.

"ತಪ್ಪ ನಂದು. ನನ್ನ ಏನರ ಮಾಡ್ರಿ. ಅವರಿಗೆ ಔಷಧ ಕೊಡ್ರಿ."

"ನನ್ನ ಕೈಯಾಗ ಇದ್ರ ಈಗ ಕೊಡ್ತಿದ್ದೆ," ಎಂದಳು ನಾಜ್ನೀನ್. "ಬರೇ ಚೀಟಿ ನಂಬಿ ಕೊಡೂ ಕಾಲ ಇತ್ತು. ಮಂದಿ ಯಾರದೋ ಕೀವು ತಂದು ಹಚ್ಚಿ ಔಷಧ ಒಯ್ದ್ರು. ಅದಕ್ಕ ಈಗ ಚೀಟಿ, ಗ್ವಾಡಿ ಎರಡೂ ಹೊಂದಿದ್ರ ಅಷ್ಟ ಮಷೀನು ಬೀಗಾ ತಗೀತೈತಿ. ಹುಬ್ಬಳ್ಳಿಗೆ ಒಯ್ದ್ರೂ ನಿಮ್ಮ ವಾರ್ಡಿನ ದಾಖಲೆನ ಕೇಳತಾರ. ಕೀವು ಬೆಳಸಿ ನೋಡೂ ಪರೀಕ್ಷಾಕ್ಕ ಮೂರ ದಿನ ಬೇಕು."

"ಮೂರ ದಿನ ಅವರು ಉಳಿಯಂಗಿಲ್ಲ."

"ಹಂಗಾದ್ರ ಗ್ವಾಡಿ ತೊಳೀರಿ. ಬರೇ ಸಾಬೂನು ನೀರು. ಉಳದ ಔಷಧ ಮುಗದ ಕೂಡ್ಲೆ ಅದು ಬಣ್ಣಕ್ಕ ಕೈ ಹಾಕತೈತಿ. ಪೆಟ್ಟಗಿ ಒಂದ ತಾಸು ಬಿಡದಂಗ ನಾತ ಹಿಡದ್ರ ಗಾಡಿ ನಾನ ಕಳಸ್ತೀನಿ. ರಾತ್ರಿ ಗಾಡಿ ಹೊಂಡಂಗಿಲ್ಲ, ನಾಳೆ ಮುಂಜಾನೆ ತೊಳೀರಿ." ಸ್ವಲ್ಪ ತಡೆದು ಅಂದಳು, "ನಿಮ್ಮ ವಾರ್ಡ ಮುಚ್ಚತಾರ, ಸಿಸ್ಟರ್. ನಿಮ್ಮ ನೌಕರೀನೂ."

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ತೇಜಸ್ವಿನಿ ರೊಟ್ಟಿ ಬಡಿಯುತ್ತಿದ್ದಳು. ತಟ್ಟೆ ಹಾಕಿ, "ಉಂಡು ಹೋಗವಾ. ಅಪ್ಪನ ಹತ್ತರ ಕಾಕಾ ಕುಂತಾನ," ಎಂದಳು. ದಾನೇಶ್ವರಿ ಒಲೆಯ ಮುಂದೆ ಕೂತು ಇದ್ದದ್ದನ್ನು ಇದ್ದ ಹಾಗೆ ಮಗಳಿಗೆ ಹೇಳಿದಳು. ರೊಟ್ಟಿ ಹಂಚಿನ ಮೇಲೆ ಸೀದು ಹೊಗೆ ಎದ್ದಿತು, ಇಬ್ಬರೂ ನೋಡಲಿಲ್ಲ.

"ಅವ್ವಾ, ಆ ಕೈಯಾಗನ ನಿನ್ನೆ ಹಿಟ್ಟ ನಾದೀ?" ಎಂದಳು ತೇಜಸ್ವಿನಿ.

"ತೊಳಕೊಂಡಿದ್ದೆ."

"ಎದರಿಂದ ತೊಳಕೊಂಡಿದ್ದಿ?"

ದಾನೇಶ್ವರಿ ಬಕೆಟ್ಟಿನಲ್ಲಿ ಉಳಿದ ಔಷಧದ ನೀರಿನಿಂದಲೇ ಕೈ ತೊಳೆದುಕೊಂಡು, ಈಗ ಇನ್ನೂ ಸ್ವಚ್ಛ ಅಂದುಕೊಂಡು ಎಷ್ಟೋ ಸಲ ಮನೆಗೆ ಬಂದಿದ್ದಳು. ಮಗಳು ಮೆಲ್ಲಗೆ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು. ಬೇಕೆಂದು ಮಾಡಿದ್ದಲ್ಲ, ಕೈ ತಾನೇ ಎಳೆಯಿತು. ಹೆತ್ತ ಮಗಳು ತನ್ನನ್ನು ನೋಡಿ ಹೇಸಿದಳು ಎಂಬುದು ದಾನೇಶ್ವರಿಗೆ ಅರ್ಥವಾಯಿತು, ಮತ್ತು ಅದು ತಪ್ಪೆಂದೂ ಅನ್ನಿಸಲಿಲ್ಲ. ಆಕೆ ಉಣ್ಣದೆ ಎದ್ದಳು.

"ತೊಳೀ," ಎಂದಳು ತೇಜಸ್ವಿನಿ ಬೆನ್ನ ಹಿಂದಿನಿಂದ, ಅಳುತ್ತ. "ಮಂದಿ ಏನರ ಅನ್ಲಿ. ನಮ್ಮ ಅಪ್ಪ ಉಳೀಬೇಕು."

ಮರುದಿನ ಬೆಳಿಗ್ಗೆ ಏಳಕ್ಕೇ ವಾರ್ಡಿನಲ್ಲಿ ಬಕೆಟ್ಟಿನ ಸದ್ದು. ಹುಲಿಗೆವ್ವ ರೂಢಿಯಂತೆ ಕಪಾಟು ತೆರೆದಳು.

"ಅದನ್ನ ಮುಟ್ಟಬ್ಯಾಡ. ಸಾಬೂನು ತಾ. ಬಿಸಿನೀರು ತಾ."

ಇಬ್ಬರೂ ಸೆರಗು ಕಟ್ಟಿ ಗೋಡೆ ತಿಕ್ಕಿದರು. ಎಂಟು ತಿಂಗಳ ಔಷಧ ಹೊಪ್ಪಳಿಕೆಯಂತೆ ಎದ್ದು ಬಂತು. ಲೋಳೆ ಲೋಳೆ, ಹಳದಿ, ಉಗುರಿನ ಸಂದಿಯಲ್ಲಿ ಕೂತಿತು. ಥೂ! ಇದನ್ನೇ ಇಷ್ಟು ದಿನ ಶುದ್ಧ ಅಂದುಕೊಂಡು, ಇದರ ಮುಂದೆ ನಿಂತು ಶಾಲು ಹೊದ್ದುಕೊಂಡಿದ್ದೆನಲ್ಲ ಎಂದು ದಾನೇಶ್ವರಿಗೆ ತನ್ನ ಮೇಲೆ ಕಾರುವಷ್ಟು ಅಸಹ್ಯವಾಯಿತು. ಚಿದಾನಂದಪ್ಪನಿಗೆ ಜ್ವರದ ಅಮಲು. ತುಟಿ ಒಣಗಿ, 'ಹೋಲ್ಡಾನ್, ಹೋಲ್ಡಾನ್' ಎಂದು ಯಾವುದೋ ಹಳೆಯ ಬಸ್ಸು ನಿಲ್ಲಿಸುತ್ತಿದ್ದ. ರಕ್ತದೊತ್ತಡ ಇಳಿಯುತ್ತಿತ್ತು. ಡ್ರೆಸ್ಸಿಂಗ್ ಬದಲಾಯಿಸಿದ ಅರ್ಧ ಗಂಟೆಗೆ ಮತ್ತೆ ಒದ್ದೆ.

ನಾಲ್ಕನೇ ಹಾಸಿಗೆಯಲ್ಲಿ ಅಪೆಂಡಿಕ್ಸ್ ಆದ ಕಾಲೇಜು ಹುಡುಗಿ, ಜೊತೆಗೆ ಆಕೆಯ ತಾಯಿ. ಬೆಳಗಿನ ಡೋಸಿಗೆ ಹೊತ್ತಾಗಿತ್ತು. ದಾನೇಶ್ವರಿ ಹುಡುಗಿಯ ಗಾಯ ನೋಡಿದಳು: ಒಣಗಿತ್ತು, ಸ್ವಚ್ಛ. ಜ್ವರ ಇಲ್ಲ, ಚೀಟಿ ನಾರಲಿಲ್ಲ. ಕೇಸ್ ಪೇಪರು ತೆಗೆದುಕೊಂಡು ಹೋಗಿ, ಡ್ಯೂಟಿಯಲ್ಲಿದ್ದ ಕಿರಿಯ ಡಾಕ್ಟರಿಂದ ಔಷಧ ನಿಲ್ಲಿಸುವ ಸಹಿ ಹಾಕಿಸಿಕೊಂಡು ಬಂದು, ಹುಡುಗಿಯ ಕೈಯಿಂದ ಸೂಜಿ ತೆಗೆದಳು.

"ಏನ ಮಾಡ್ತೀರಿ ಸಿಸ್ಟರ್? ಇನ್ನ ಮೂರ ದಿನದ್ದು ಐತಿ!" ಎಂದು ತಾಯಿ ಹೌಹಾರಿದಳು.

"ಆಕಿಗೆ ಬೇಕಾಗಿಲ್ಲವಾ. ಬ್ಯಾಡಾಗಿದ್ದು ಕೊಟ್ರ ಬೇಕಾದಾಗ ಹತ್ತಂಗಿಲ್ಲ. ನಮ್ಮ ಮನೆಯವರಿಗೆ ಹತ್ತವಲ್ದು, ನೋಡ್ರಿ ಅಲ್ಲಿ. ಮಧ್ಯಾಹ್ನದೊಳಗ ಈ ಗ್ವಾಡಿ ನಾರತೈತಿ. ಹುಡುಗೀನ ಮನಿಗೆ ಕರಕೊಂಡ ಹೋಗ್ರಿ."

ಒಂಬತ್ತಾಯಿತು, ಹತ್ತಾಯಿತು. ಗೋಡೆ ನಾರಲಿಲ್ಲ. ದಾನೇಶ್ವರಿ ಆರನೇ ಹಾಸಿಗೆಯ ಪಕ್ಕದ ಗೋಡೆಗೆ ಮೂಗು ಹಚ್ಚಿ ಕೂತಳು. ಜೀವಮಾನವಿಡೀ ನಾತಕ್ಕೆ ಬೆನ್ನು ತಿರುಗಿಸಿದವಳು, ಈಗ 'ನಾರು, ಯಪ್ಪಾ, ನಾರು' ಎಂದು ಮನಸ್ಸಿನಲ್ಲಿ ದೇವರನ್ನಲ್ಲ, ಆ ರೋಗಾಣುಗಳನ್ನೇ ಬೇಡಿಕೊಳ್ಳುತ್ತಿದ್ದಳು. ಇಂಥ ಪ್ರಾರ್ಥನೆ ಮಾಡುವ ಗತಿ ನಾಯಿಗೂ ಬೇಡ.

ಹನ್ನೊಂದಕ್ಕೆ ನರೇಗಲ್ ಬಂದರು. ತೊಯ್ದ ಗೋಡೆ, ಮುಚ್ಚಿದ ಕಿಟಕಿ, ಕಪಾಟಿಗೆ ಬಿದ್ದ ಬೀಗ ನೋಡಿ ಅವರಿಗೆ ಎಲ್ಲ ತಿಳಿಯಿತು.

"ಸಿಸ್ಟರ್, ತಲಿ ಕೆಟ್ಟೈತೇನು? ಮೂವತ್ತ ವರ್ಷದ ಆಸ್ಪತ್ರಿ ಇದು. ನಮ್ಮವ್ವನ ಹೆಸರೈತಿ ಇದಕ್ಕ."

"ಗೊತ್ತೈತ್ರಿ ಸರ್. ಅವರ ಬಾಣಂತನ ಮಾಡಿದ ಸೂಲಗಿತ್ತಿ ಮನೆತನದಾಕಿ ನಾನು."

"ಮತ್ತ? ನಾ ಹುಬ್ಬಳ್ಳಿಗೆ ಫೋನ್ ಮಾಡ್ತೀನಿ, ಯಾರರ ಪರಿಚಯದವರ ಕಡಿಂದ ಔಷಧ..."

"ಯಾರ ಕಡೇನೂ ಸಿಗಂಗಿಲ್ಲ. ನಿಮಗೂ ಗೊತ್ತೈತಿ."

ನರೇಗಲ್ ದನಿ ತಗ್ಗಿಸಿದರು. "ನಾಳೆ ಆರು ಆಪರೇಷನ್ ಅದಾವು, ಸಿಸ್ಟರ್."

"ಆ ಆರು ಮಂದೀನ ಈ ಹಾಸಗಿ ಮ್ಯಾಲ ಮಲಗಸ್ತೀರಿ?"

ಆಗ ಬಂತು. ಮೊದಲು ಎಳೆಯಾಗಿ, ಪಕ್ಕದ ಓಣಿಯಲ್ಲಿ ಯಾರೋ ಉಳ್ಳಾಗಡ್ಡಿ ಚೀಲ ಬಿಚ್ಚಿದಷ್ಟು. ದಾನೇಶ್ವರಿಯ ಮೂಗಿನ ಹೊಳ್ಳೆ ಅರಳಿತು. ನಿಮಿಷ ಕಳೆಯುವುದರೊಳಗೆ ನಾತ ಗೋಡೆಯಿಂದ ಗೋಡೆಗೆ ಹಬ್ಬಿತು. ಆರನೇ ಹಾಸಿಗೆ ಅಷ್ಟೇ ಅಲ್ಲ, ಎಂಟನೆಯದು, ಹತ್ತನೆಯದು, ಬಾಗಿಲ ಚೌಕಟ್ಟು, ಆಕೆಯ ಮೇಜಿನ ಹಿಂದಿನ ಗೋಡೆ, ಫಲಕ ನೇತುಹಾಕಿದ ಜಾಗ. ಎಂಟು ತಿಂಗಳು ಬಾಯಿ ಮುಚ್ಚಿಸಿಟ್ಟದ್ದೆಲ್ಲ ಒಮ್ಮೆಲೇ ಹೊರಗೆ ಬಿತ್ತು. ಜನ ಓಕರಿಸುತ್ತ ಓಡಿದರು. ಯಾರೋ ಕಾರಿಡಾರಿನಲ್ಲಿ ಕಾರಿಕೊಂಡರು. ನಾಲ್ಕನೇ ಹಾಸಿಗೆಯ ತಾಯಿ ಮಗಳನ್ನು ಅಪ್ಪಿಕೊಂಡು ಹೋಗುತ್ತ ದಾನೇಶ್ವರಿಯ ಕಡೆ ನೋಡಿದ ನೋಟದಲ್ಲಿ ಕೃತಜ್ಞತೆ ಇರಲಿಲ್ಲ. ಶುದ್ಧ ಹೇಸಿಗೆ ಇತ್ತು.

ಮೂಲೆಯ ಪೆಟ್ಟಿಗೆಯ ಮೇಲೆ ಕೆಂಪು ದೀಪ ಹತ್ತಿತು.

"ಫ್ಯಾನ್ ಹಾಕ್ರಿ! ಕಿಟಕಿ ತಗೀರಿ!" ಎಂದು ನರೇಗಲ್ ಬಾಗಿಲ ಆಚೆಯಿಂದ ಕೂಗಿದರು. ಒಳಗೆ ಬರಲು ಅವರಿಗೆ ಆಗಲಿಲ್ಲ. ಹುಲಿಗೆವ್ವ ಸೆರಗಿನಿಂದ ಮೂಗು ಕಟ್ಟಿಕೊಂಡು, ಗಾಳಿ ಫ್ಯಾನಿನ ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತಳು.

"ಸಿಸ್ಟರ್ ಹೇಳೂತನಕ ಯಾರೂ ಮುಟ್ಟಬ್ಯಾಡ್ರಿ," ಎಂದಳು.

ಫೋನು ರಿಂಗಾಯಿತು. ನಾಜ್ನೀನ್. "ಬಂತ್ರಿ ಸಿಸ್ಟರ್, ನಿಮ್ಮ ಚುಕ್ಕಿ ಕಂದು ಆತು. ಔಷಧ ಗಾಡಿಗೆ ಏರಿಸೀನಿ, ಡ್ರೈವರ್ ಸ್ಟೇರಿಂಗ್ ಮುಂದ ಕುಂತಾನ. ಒಂದ ತಾಸು ಹಿಂಗ ಇರಬೇಕು. ನಡುವ ಕಡಿಮಿ ಆದ್ರ ಲೆಕ್ಕ ಮತ್ತ ಮೊದಲಿಂದ."

ದಾನೇಶ್ವರಿ ಗಂಡನ ಹಾಸಿಗೆಯ ಅಂಚಿನಲ್ಲಿ ಕೂತಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಅಳುವೋ ನಾತವೋ ಆಕೆಗೇ ಗೊತ್ತಾಗಲಿಲ್ಲ. ಕೈಗೆ ಹೊಸ ಗ್ಲೌಸು ಹಾಕಿ ಅವನ ಹಣೆಯ ಮೇಲೆ ಒದ್ದೆ ಬಟ್ಟೆ ಇಟ್ಟಳು. ಚಿದಾನಂದಪ್ಪ ಕಣ್ಣು ಬಿಟ್ಟ. ಬೆಳಗಿನಿಂದ ಮೊದಲ ಸಲ ಅವನ ನೋಟ ಒಂದು ಕಡೆ ನಿಂತಿತು. ಮೂಗು ಸುಕ್ಕಾಯಿತು.

"ಏನ ಇದು ಹೊಲಸ ನಾತ... ಇಲಿ ಸತ್ತೈತೇನ?"

"ಇಲ್ರಿ."

"ಮತ್ತ ಯಾರದು?"

"ನಂದು," ಎಂದಳು ದಾನೇಶ್ವರಿ.

ಜ್ವರದ ತಲೆಗೆ ಅದೆಷ್ಟು ಮುಟ್ಟಿತೋ. ಅವನು ಮುಖ ಆಚೆ ಹೊರಳಿಸಲು ನೋಡಿದ, ಆಗಲಿಲ್ಲ. "ಕಿಟಕಿ ತಗೀ," ಎಂದ.

ಆಕೆ ಗೋಡೆಯ ಗಡಿಯಾರ ನೋಡಿದಳು. ಇನ್ನೂ ನಲವತ್ತು ನಿಮಿಷ ಬಾಕಿ ಇತ್ತು.

"ತಗ್ಯಂಗಿಲ್ರಿ," ಎಂದಳು. "ಉಸರ ಎಳಕೊಳ್ರಿ. ಹಂಗ ಎಳಕೊಳ್ರಿ."